ಶರ್ಟ್ ಒಳಗೆಲ್ಲ ಮಚ್ಚೆ, ಹುಳುಕಡ್ಡಿ ಅಲ್ಲವಂತೆ

ಮಳೆಹನಿ:
ಮೂರು ವಾರದ ಹಿಂದೆ ಎಡ ಪಕ್ಕೆಯಲ್ಲಿ ಒಂದೇ ಒಂದು ಮಚ್ಚೆ ಎದ್ದಿತು. ಮೊಟ್ಟೆಯಾಕಾರ, ಹೆಬ್ಬೆರಳಿನಷ್ಟು ಉದ್ದ. ಹುಳುಕಡ್ಡಿ ಅಂದುಕೊಂಡು ಮುಲಾಮು ಹಚ್ಚಿದೆ. ಜಗ್ಗಲಿಲ್ಲ. ಹತ್ತು ದಿನ ಕಳೆಯುವಷ್ಟರಲ್ಲಿ ಎದೆ, ಹೊಟ್ಟೆ, ಬೆನ್ನು ಎಲ್ಲ ಕಡೆ ಅದರದೇ ಮರಿಗಳು! ನಿನ್ನೆ ಡಾಕ್ಟರು ಅರ್ಧ ನಿಮಿಷ ನೋಡಿ, ‘ಪಿಟಿರಿಯಾಸಿಸ್ ರೋಸಿಯಾ, ತಾನಾಗೇ ಹೋಗುತ್ತೆ’ ಅಂದು ಕಳಿಸಿಬಿಟ್ಟರು. ಇಷ್ಟೆಲ್ಲ ಮೈಮೇಲೆ ಇಟ್ಟುಕೊಂಡು ಸುಮ್ನೆ ಕೂರೋದು ಹೇಗೆ? ಮಗಳು ನನ್ನ ಪಕ್ಕದಲ್ಲೇ ಮಲಗುತ್ತಾಳೆ. ಅವಳಿಗೂ ಅಂಟುತ್ತಾ?

ಹಳೇಗಿರಾಕಿ:
ನನಗೂ ಬಂದಿತ್ತು, ಅದೇ ಮುಲಾಮು ನಾನೂ ಹಚ್ಚಿದ್ದೆ. ಆ ಮೊದಲ ಮಚ್ಚೆ ಎಲ್ಲರನ್ನೂ ಏಮಾರಿಸುತ್ತದೆ ಬಿಡಿ. ಬೆಳಕಿನಲ್ಲಿ ಹತ್ತಿರದಿಂದ ನೋಡಿ. ಅಂಚಿಗಿಂತ ಸ್ವಲ್ಪ ಒಳಗೆ ತೆಳ್ಳನೆಯ ಹೊಟ್ಟು ಬಳೆಯ ಹಾಗೆ ಸುತ್ತಿರುತ್ತದೆ. ಬೆನ್ನಿನ ಮಚ್ಚೆಗಳು ಪಕ್ಕೆಲುಬಿನ ಜಾಡಿನಲ್ಲೇ ಓರೆಯಾಗಿ ಇಳಿದಿವೆಯಾ? ದೂರದಿಂದ ಕ್ರಿಸ್ಮಸ್ ಮರದ ಹಾಗೆ ಕಾಣುತ್ತದೆ. ನನ್ನದು ಎಂಟು ವಾರಕ್ಕೆ ಹೋಯಿತು. ಆದರೆ ಕಪ್ಪು ಕಲೆ ಮಾಸಲು ಇನ್ನೂ ನಾಲ್ಕು ತಿಂಗಳು ಹಿಡಿಯಿತು. ನಮ್ಮಂಥ ಕಂದು ಮೈಬಣ್ಣದವರಿಗೆ ಕಲೆ ಜಾಸ್ತಿ ದಿನ ಉಳಿಯುತ್ತದೆ. ಬಿಸಿ ಬಿಸಿ ನೀರು ಸುರಿದುಕೊಳ್ಳಬೇಡಿ, ತುರಿಕೆ ಕೆರಳುತ್ತದೆ.

ನರ್ಸಕ್ಕ:
ಮಗಳ ಚಿಂತೆ ಬಿಡಿ, ಇದು ಸಾಮಾನ್ಯವಾಗಿ ಅಂಟುವುದಿಲ್ಲ. ಚಿಕ್ಕಂದಿನಲ್ಲೇ ಬಹುತೇಕ ಎಲ್ಲರ ಮೈಸೇರಿ ಮಲಗಿರುವ ಹರ್ಪಿಸ್ ಗುಂಪಿನ 6, 7ನೇ ವೈರಸ್ ಮತ್ತೆ ಏಳುವುದರಿಂದ ಬರುತ್ತದೆ ಅಂತ ಅನುಮಾನ. ಕಾರಣ ಪಕ್ಕಾ ಆಗಿಲ್ಲ. ಹೆಚ್ಚಾಗಿ 10ರಿಂದ 35 ವಯಸ್ಸಿನವರಲ್ಲಿ ನೋಡುತ್ತೇವೆ. ತುರಿಕೆಗೆ ಕ್ಯಾಲಮೈನ್ ಲೋಷನ್ ಸಾಕು. ತಡೆಯಲಾಗದಿದ್ದರೆ ಮಾತ್ರೆ ಕೇಳಿ ಪಡೆಯಿರಿ.
ಒಂದು ಮಾತು. ಅಂಗೈ, ಅಂಗಾಲಿನಲ್ಲೂ ಮಚ್ಚೆ ಬಂದರೆ ಡಾಕ್ಟರಿಗೆ ತೋರಿಸಿ. ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ರೋಗ ಕೂಡ ಹೀಗೇ ವೇಷ ಹಾಕುತ್ತದೆ, ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಮೂರು ತಿಂಗಳಾದರೂ ಹೋಗದಿದ್ದರೂ ಮತ್ತೆ ಹೋಗಿ. ಗರ್ಭಿಣಿಯರಂತೂ ಕಾಯಲೇಬಾರದು.

ಮಳೆಹನಿ:
ಅಂಗೈ, ಅಂಗಾಲು ಎರಡೂ ನೋಡಿಕೊಂಡೆ, ಏನೂ ಇಲ್ಲ. ಮಗಳ ಕೈಯಲ್ಲಿ ಬೆನ್ನಿನ ಫೋಟೋ ತೆಗೆಸಿದೆ. ಮರ ಹೌದು, ಆದರೆ ತಲೆಕೆಳಗಾಗಿದೆ ಅಂದಳು. ಫೋನನ್ನು ಉಲ್ಟಾ ಹಿಡಿದಿದ್ದಳು.