ಸೋದರಮಾವನ ಮಗಳು ಮದುವೆಗೆ ಹೆಣ್ಣು, ಚಿಕ್ಕಮ್ಮನ ಮಗಳು ತಂಗಿ: ಯಾಕೆ?

ಪ್ರಶ್ನೆ: ಇಬ್ಬರೂ ರಕ್ತದಲ್ಲಿ ಅಷ್ಟೇ ಹತ್ತಿರ. ಒಬ್ಬಳತ್ತ ಮನಸ್ಸು ಹರಿಯುತ್ತದೆ, ಇನ್ನೊಬ್ಬಳ ಬಗ್ಗೆ ಆ ಯೋಚನೆಯೇ ಬಾರದು. ಕಾನೂನು ಏನನ್ನುತ್ತದೆ?

ಉತ್ತರ 1: ಕರೆಯುವ ಪದಗಳೇ ಮನಸ್ಸನ್ನು ತಿದ್ದುತ್ತವೆ. ಚಿಕ್ಕಮ್ಮ ಎಂದರೆ ಚಿಕ್ಕ ಅಮ್ಮ. ಅವಳ ಮಕ್ಕಳು ಒಡಹುಟ್ಟಿದವರ ಸಮ. ಸೋದರಮಾವನೂ ಮಾವ, ಹೆಂಡತಿಯ ತಂದೆಯೂ ಮಾವ. ಮಗು ಮಾತು ಕಲಿಯುವಾಗಲೇ ಯಾರೊಡನೆ ಸರಸ ಸಲ್ಲುತ್ತದೆಂದು ಕಲಿಯುತ್ತದೆ. ಇದು ಎಲ್ಲ ಸಮುದಾಯಗಳಿಗೂ ಅನ್ವಯಿಸದು.

ಉತ್ತರ 2: 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಇಬ್ಬರಲ್ಲಿ ಯಾರೊಡನೆ ಮದುವೆಯಾದರೂ ನಿಷಿದ್ಧವೇ. ಗಂಡು-ಹೆಣ್ಣು ಎರಡೂ ಕಡೆಯಲ್ಲಿ ಅಂಥ ರೂಢಿ ಇದ್ದರೆ ಮಾತ್ರ ವಿನಾಯಿತಿ. ತಕರಾರು ಬಂದರೆ ರೂಢಿಯನ್ನು ಸಾಬೀತುಪಡಿಸಬೇಕು. ಹಲವರು ಎಡವುವುದು ಇಲ್ಲೇ.

ಉತ್ತರ 3: ಜೀನ್‌ಗಳು ಪದ ನೋಡುವುದಿಲ್ಲ. ಒಳಸಂಬಂಧದ ಗುಣಾಂಕ, ಅಂದರೆ ಒಂದೇ ಪೂರ್ವಜರ ಜೀನ್‌ನ ಪ್ರತಿ ಮಗುವಿಗೆ ತಂದೆ-ತಾಯಿ ಇಬ್ಬರಿಂದಲೂ ಬರುವ ಸಂಭವ, ಎರಡರಲ್ಲೂ 1/16, ಸೋದರಮಾವ-ಅಕ್ಕತಂಗಿಯ ಮಗಳ ಮದುವೆಯಾದರೆ 1/8. ಮದುವೆಗೆ ಮುಂಚೆ ಮೂರು ತಲೆಮಾರಿನ ವಂಶವೃಕ್ಷ ಬರೆದು ತಳಿ ಸಲಹೆಗಾರರನ್ನು (ಜೆನೆಟಿಕ್ ಕೌನ್ಸೆಲರ್) ದಯವಿಟ್ಟು ಕಾಣಿ.