ಪದ ಬೇಕು: ಊರೊಳಗಿನ ಕಾಳಗ, ಮರೆ, ಕಿಂಡಿ, ಬಂಡಿ

ಎಲ್ಲರಿಗೂ ನಮಸ್ಕಾರ.

ಒಂದು ಆಟಕ್ಕೆ ಕನ್ನಡ ಪದಗಳು ಬೇಕಾಗಿವೆ. ಆಟದ ಹೆಸರು ಎಲೀಟ್ ಡೇಂಜರಸ್. 2014ರ ಡಿಸೆಂಬರಿನಲ್ಲಿ ಬಂದದ್ದು. ನಾವಿರುವ ಕ್ಷೀರಪಥವನ್ನೇ ಕಂಪ್ಯೂಟರಿನೊಳಗೆ ಕಟ್ಟಿ, ಅದರಲ್ಲಿ ನೌಕೆ ಓಡಿಸಲು ಬಿಡುತ್ತದೆ. 2015ರಲ್ಲಿ ಗ್ರಹಗಳ ಮೇಲೆ ಇಳಿದು ಗಾಡಿ ಓಡಿಸುವುದು ಸೇರಿತು. 2021ರ ಮೇ ತಿಂಗಳಲ್ಲಿ ಒಡಿಸ್ಸಿ ಎಂಬ ಭಾಗ ಬಂದ ಮೇಲೆ ನೌಕೆಯಿಂದ ಇಳಿದು ನಡೆಯಬಹುದು, ಬಂದೂಕು ಹಿಡಿದು ಕಟ್ಟಡಗಳ ನಡುವೆ ಕಾದಾಡಬಹುದು. ನನ್ನ ಪ್ರಶ್ನೆಗಳೆಲ್ಲ ಈ ಕೊನೆಯ ಭಾಗದ್ದು.

ನಾನು ಮುಂಬೈನ ಬೋರಿವಲಿಯಲ್ಲಿದ್ದೇನೆ. ನಮ್ಮದು ನಾಲ್ವರ ಗುಂಪು. ಒಬ್ಬರು ಡೊಂಬಿವಲಿ, ಇನ್ನಿಬ್ಬರು ಪುಣೆ. ಮೂಲ ಊರು ಕೇಳಿದರೆ ವಿಜಯಪುರ, ಧಾರವಾಡ, ಮಂಗಳೂರು, ನನ್ನದು ಹಾಸನ. ಹೆಡ್‌ಫೋನ್ ಹಾಕಿಕೊಂಡು ಆಡುವಾಗ ಕೂಗಿ ಹೇಳುವ ಮಾತು ಅರ್ಧ ಹಿಂದಿ, ಅರ್ಧ ಇಂಗ್ಲಿಷ್. ಈಗ ಹೊಸದಾಗಿ ಆಡುವವರಿಗೆಂದು ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಊರಲ್ಲಿರುವ ನಮ್ಮ ತಮ್ಮ ತಂಗಿಯರು ಓದಲಿ ಅಂತ. ಹಾಗಾಗಿ ಓದಲು ಮಾತ್ರವಲ್ಲ, ಕೂಗಲು ಬರುವ ಪದ ಬೇಕು. ಗುಂಡು ಹಾರುತ್ತಿರುವಾಗ ಐದಾರು ಅಕ್ಷರದ ಪದ ಯಾರೂ ಹೇಳುವುದಿಲ್ಲ, ಅಲ್ವಾ?

ಮೊದಲು, ಈ ಕಾಳಗಕ್ಕೇ ಏನನ್ನಬೇಕು? ಪತ್ರಿಕೆಗಳಲ್ಲಿ 'ನಗರ ಯುದ್ಧ' ಅಂತ ಕಾಣುತ್ತದೆ. ಈ ಆಟದಲ್ಲಿ ಕಾದಾಡುವ ಜಾಗ ನಗರ ಅನ್ನುವಷ್ಟು ದೊಡ್ಡದಲ್ಲ. ಬೋಳು ಗ್ರಹದ ಮೇಲೆ ಒಂದಷ್ಟು ಕಟ್ಟಡ, ನಡುವೆ ಓಣಿ, ಸುತ್ತ ಬಯಲು. 'ಬೀದಿ ಹೋರಾಟ' ಅಂದರೆ ಮೆರವಣಿಗೆ, ಘೋಷಣೆ ನೆನಪಾಗುತ್ತದೆ. 'ಬೀದಿ ಕಾಳಗ' ಅಂದರೆ ನಲ್ಲಿ ಮುಂದಿನ ಜಗಳ. ನನಗೆ ಹಿಡಿಸಿರುವುದು 'ಊರೊಳಗಿನ ಕಾಳಗ'. ವೀರಗಲ್ಲುಗಳ ಶಾಸನಗಳಲ್ಲಿ 'ತುರುಗೊಳ್' ಇದೆ, ದನ ಹಿಡಿಯುವ ಜಗಳ. 'ಊರಳಿವು' ಇದೆ, ಊರಿನ ಮೇಲೆ ಬಿದ್ದು ಹಾಳುಮಾಡುವುದು. ಅಂದರೆ ಬಯಲಿನ ಕಾಳಗ ಬೇರೆ, ಊರಿನದು ಬೇರೆ ಅಂತ ಹಳಬರು ಬಿಡಿಸಿಯೇ ಹೇಳುತ್ತಿದ್ದರು. 'ಊರಳಿವು' ಸೋತವರ ಕಡೆಯಿಂದ ನೋಡಿದ ಪದ. ಒಳಗಿದ್ದು ಕಾಯುವವರಿಗೂ ಹೊರಗಿಂದ ನುಗ್ಗುವವರಿಗೂ ಸಲ್ಲುವ ಪದ ಹಳೆಯದರಲ್ಲಿ ಇದ್ದರೆ ಶಾಸನ ಓದಿದವರು ತಿಳಿಸಿ. ನಾನಿರುವ ಬೋರಿವಲಿಯ ಎಕ್ಸರ್‌ನಲ್ಲಿ ಶಿಲಾಹಾರರ ಕಾಲದ ವೀರಗಲ್ಲುಗಳಿವೆ. ಸಾಲು ಹುಟ್ಟಿನ ಹಡಗುಗಳು ಕಾದಾಡುವುದನ್ನು ಅವುಗಳಲ್ಲಿ ಕಡೆದಿದ್ದಾರೆ. ಈ ಕಡೆ ಬಂದವರು ನೋಡಲೇಬೇಕು.

ಆ ಕಟ್ಟಡಗಳ ಗುಂಪಿಗೆ 'ಪಾಳ್ಯ' ಅನ್ನೋಣ ಅಂತ ನನ್ನ ಆಸೆ. ಸೈನ್ಯ ಬೀಡುಬಿಟ್ಟ ಜಾಗವೂ ಪಾಳ್ಯ, ಜನ ವಾಸಿಸುವ ಕೇರಿಯೂ ಪಾಳ್ಯ. ಈ ಆಟದಲ್ಲಿ ಎರಡೂ ಒಂದೇ ಕಡೆ ಇರುತ್ತವೆ. ಡೊಂಬಿವಲಿಯ ಗೆಳೆಯ 'ಕಾಲನಿ' ಸಾಕು ಅಂತಾನೆ. ಮುಂಬೈಯಲ್ಲಿ ಅದು ಬಾಯಿಗೆ ಬರುವ ಮಾತು, ಒಪ್ಪುತ್ತೇನೆ. ಆದರೂ ಪಾಳ್ಯ ಚಿಕ್ಕದು, ಕಿವಿಗೆ ಸ್ಪಷ್ಟ.

ಈಗ ನನಗೆ ಜಾಸ್ತಿ ತಲೆನೋವು ಕೊಟ್ಟಿರುವ ಪದ: ಮರೆ. ಗುಂಡು ಬರುವಾಗ ಗೋಡೆಯ ಹಿಂದೆ ಹೋಗು ಅನ್ನುವುದಕ್ಕೆ 'ಮರೆಗೆ ಬಾ' ಸೊಗಸಾಗಿದೆ. ಬರೀ 'ಮರೆ, ಮರೆ' ಅಂತ ಕೂಗಿದರೆ ಮರೆತುಬಿಡು ಅಂದಹಾಗೆ ಕೇಳುತ್ತದೆ. ಅದಕ್ಕೆ 'ಮರೆಗೆ' ಅಂತಲೇ ಕೂಗೋಣ, ತೊಂದರೆ ತೀರಿತು. ನಿಜವಾದ ತೊಡಕು ಬೇರೆ ಇದೆ. ಸೈನ್ಯದವರು ಎರಡು ಬಗೆಯ ಮರೆಯನ್ನು ಬೇರೆ ಬೇರೆ ಇಟ್ಟು ನೋಡುತ್ತಾರೆ. ಒಂದು ಗುಂಡನ್ನೇ ತಡೆಯುವಂಥದ್ದು. ಇನ್ನೊಂದು ಕಣ್ಣಿಗೆ ಬೀಳದಂತೆ ಅಡಗಿಸುತ್ತದೆ, ಗುಂಡನ್ನು ತಡೆಯುವುದಿಲ್ಲ. ಆಟದಲ್ಲೂ ಈ ವ್ಯತ್ಯಾಸ ಇದೆ. ಪಾಳ್ಯದ ವಿದ್ಯುತ್ ಕೊಡುವ ರೆಗ್ಯುಲೇಟರ್ ಕಿತ್ತರೆ ದೀಪ ಆರುತ್ತವೆ, ಅಲಾರಂ ಸುಮ್ಮನಾಗುತ್ತದೆ, ತಾನಾಗಿ ಗುಂಡು ಹಾರಿಸುವ ಗೋಪುರಗಳೂ ನಿಲ್ಲುತ್ತವೆ. ಆಗ ಕತ್ತಲೇ ಮರೆ. ಆ ಕತ್ತಲನ್ನು ನಂಬಿ ಓಣಿಯ ನಡುವೆ ನಿಂತರೆ ಯಾವ ಗುಂಡನ್ನೂ ಅದು ತಡೆಯುವುದಿಲ್ಲ. ಹೊಸಬರು ಜಾಸ್ತಿ ಸಾಯುವುದು ಹೀಗೆ. ಕೈಪಿಡಿಯಲ್ಲಿ ಎರಡಕ್ಕೂ ಒಂದೇ ಪದ ಇಟ್ಟರೆ ಅವರಿಗೆ ನಾನೇ ದಾರಿ ತಪ್ಪಿಸಿದಂತೆ.

ನನ್ನ ಯೋಚನೆ ಹೀಗಿದೆ. ಕಣ್ಣಿಗೆ ಬೀಳದಿರುವುದಕ್ಕೆ 'ಮರೆ'. ಗುಂಡು ತಡೆಯುವುದಕ್ಕೆ 'ಆಸರೆ'. 'ಕತ್ತಲಿನ ಮರೆಯಲ್ಲಿ ಬಾ, ಗೋಡೆಯ ಆಸರೆ ಹಿಡಿ' ಅಂತ ಹೇಳಿ ನೋಡಿ. ಎರಡರ ನಡುವಿನ ಗೆರೆ ಕಾಣುತ್ತದೆ. ಆದರೆ ಆಸರೆ ಅಂದ ಕೂಡಲೇ ಅನಾಥರು, ಮುದುಕರು, ಸಹಾಯಧನ ನೆನಪಿಗೆ ಬರುತ್ತದೆ ಅಂತ ಧಾರವಾಡದವರು ತಕರಾರು ತೆಗೆದಿದ್ದಾರೆ. 'ಅಡ್ಡ' ಸಾಕು, 'ಅಡ್ಡಕ್ಕೆ ನಿಲ್ಲು' ಅನ್ನಿ ಅಂತ ಅವರ ಸಲಹೆ. ನನ್ನ ಕಡೆ ಅಡ್ಡ ನಿಲ್ಲುವುದು ಅಂದರೆ ದಾರಿ ತಡೆಯುವುದು. ನಿಮ್ಮ ಕಡೆ ಹೇಗೆ? ಮಳೆಗಾಳಿಗೆ ಮರದ ಹಿಂದೆ ನಿಲ್ಲುವಾಗ, ಕಲ್ಲು ತೂರಾಟ ನಡೆದಾಗ ಗೋಡೆಯ ಹಿಂದೆ ಓಡುವಾಗ ನಿಮ್ಮ ಮನೆಯಲ್ಲಿ ಯಾವ ಪದ ಆಡುತ್ತಾರೆ ಅಂತ ದಯವಿಟ್ಟು ಬರೆಯಿರಿ. ಶಬ್ದಕೋಶದ ಅರ್ಥಕ್ಕಿಂತ ನನಗೆ ಅದೇ ಬೇಕು.

ಇನ್ನು 'ಕಿಂಡಿ'. ಪಾಳ್ಯದೊಳಗೆ ಎರಡು ಕಟ್ಟಡಗಳ ನಡುವೆ ಒಬ್ಬರೇ ತೂರಬಹುದಾದ ಸಂದು ಇರುತ್ತದೆ. ಅದರ ಬಾಯಲ್ಲಿ ಒಬ್ಬ ನಿಂತರೆ ಹತ್ತು ಜನರನ್ನು ತಡೆಯಬಹುದು. ಪುಣೆಯ ಮರಾಠಿ ಗೆಳೆಯರು ಆಡಲು ಬಂದಾಗ ಅದಕ್ಕೆ ತಡವರಿಸದೆ 'ಖಿಂಡ್' ಅನ್ನುತ್ತಾರೆ. 1660ರಲ್ಲಿ ಬಾಜಿ ಪ್ರಭು ದೇಶಪಾಂಡೆ ಪಾವನಖಿಂಡಿಯಲ್ಲಿ ನಿಂತು ಆದಿಲಶಾಹಿ ಸೈನ್ಯವನ್ನು ತಡೆದರು, ಅಷ್ಟರಲ್ಲಿ ಶಿವಾಜಿ ವಿಶಾಲಗಡ ಮುಟ್ಟಿದರು. ಅಲ್ಲಿನ ಮಕ್ಕಳಿಗೂ ಗೊತ್ತಿರುವ ಕಥೆ. ಹಾಗಾಗಿ ಒಂದೇ ಪದದಲ್ಲಿ ಜಾಗವೂ ತಂತ್ರವೂ ಅವರಿಗೆ ಹೊಳೆಯುತ್ತದೆ.

ನಮಗೂ ಅಂಥದ್ದು ಇದೆ. ಚಿತ್ರದುರ್ಗದ ಓಬವ್ವನ ಕಿಂಡಿ. ಹೈದರಾಲಿಯ ಸೈನಿಕರು ಬಂಡೆಯ ಸಂದಿನಲ್ಲಿ ಒಬ್ಬೊಬ್ಬರಾಗಿ ತೆವಳಿ ಬಂದರು, ಓಬವ್ವ ಒನಕೆ ಹಿಡಿದು ಕಾದು ನಿಂತಳು. ಕಿಂಡಿ ಅಂದರೆ ಬರೀ ಕಿಟಕಿಯಂಥ ತೂತು, ಉಡುಪಿಯ ಕನಕನ ಕಿಂಡಿಯ ಹಾಗೆ, ಅಂತ ಮಂಗಳೂರಿನ ಗೆಳೆಯ ವಾದಿಸುತ್ತಾನೆ. ನಾನು ಒಪ್ಪುವುದಿಲ್ಲ. ಮನುಷ್ಯ ತೂರಿ ಬರುವ ಸಂದಿಗೂ ಆ ಹೆಸರು ಚಿತ್ರದುರ್ಗದಲ್ಲಿ ನಿಂತಿದೆ. 'ಕಿಂಡಿ ಹಿಡಿ', 'ಕಿಂಡಿ ಬಿಡಬೇಡ' ಅಂತ ಕೂಗಿದರೆ ಯಾವ ಕನ್ನಡಿಗನಿಗೂ ಬಿಡಿಸಿ ಹೇಳಬೇಕಾಗಿಲ್ಲ. ಪತ್ರಿಕೆಯವರ 'ಆಯಕಟ್ಟಿನ ಜಾಗ' ಒಳ್ಳೆಯ ಪದವೇ, ಆದರೆ ಅದು ಗುಡ್ಡದ ತುದಿಗೂ ಸಲ್ಲುತ್ತದೆ, ಸೇತುವೆಗೂ ಸಲ್ಲುತ್ತದೆ. ಇಕ್ಕಟ್ಟು ಎಂಬ ಗುಣ ಅದರಲ್ಲಿ ಇಲ್ಲ. ಈ ಪದದ ಬಗ್ಗೆ ನನಗೆ ಗಟ್ಟಿ ನಂಬಿಕೆ ಇದೆ. ಬೇಡ ಅನ್ನುವವರು ಕಾರಣ ಸಮೇತ ಬರೆಯಿರಿ.

ಪಕ್ಕದಿಂದ ಸುತ್ತಿ ಹೊಡೆಯುವುದಕ್ಕೆ 'ಮಗ್ಗುಲು' ಇಟ್ಟಿದ್ದೇನೆ. ಮಗ್ಗುಲ ಮುಳ್ಳು ಅಂತ ನಾವು ಹೇಳುತ್ತೇವಲ್ಲ, ಅದೇ ಅಪಾಯ. ವಿಜಯಪುರದವರಿಗೆ 'ಬಗಲು' ಸಲೀಸು. ಇಬ್ಬರದೂ ನಡೆಯಲಿ.

ಚಾವಣಿಯ ಮೇಲಿನ ಶತ್ರುವಿನ ವಿಷಯದಲ್ಲಿ ನಮ್ಮ ಗುಂಪಿನಲ್ಲಿ ಮೂರು ಪದ ಓಡಾಡುತ್ತಿವೆ. ಮಂಗಳೂರಿನವನಿಗೆ 'ತಾರಸಿ'. ವಿಜಯಪುರದವರಿಗೆ 'ಮಾಳಿಗೆ'. ಮುಂಬೈಯಲ್ಲೇ ಹುಟ್ಟಿ ಬೆಳೆದವರಿಗೆ ಮರಾಠಿಯ 'ಗಚ್ಚಿ'. ನನ್ನ ಕಡೆ ಮಾಳಿಗೆ ಅಂದರೆ ಮೇಲಿನ ಅಂತಸ್ತು. ಇಲ್ಲಿ ಗೊಂದಲವಾದರೆ ಜೀವಕ್ಕೇ ಕುತ್ತು. 'ಮಾಳಿಗೆಯಲ್ಲಿ ಇಬ್ಬರು' ಅಂದಾಗ ನಾನು ಒಳಗೆ ಮೆಟ್ಟಿಲ ಕಡೆ ನೋಡುತ್ತೇನೆ, ಅವರು ಹೊರಗೆ ಮೇಲಿನಿಂದ ಹೊಡೆಯುತ್ತಾರೆ. ಈ ಆಟದಲ್ಲಿ ಚಾವಣಿ ಮುಖ್ಯ. ತೊಟ್ಟ ಉಡುಪಿಗೆ ಹಾರುವ ಶಕ್ತಿ ಇದೆ, ಗುರುತ್ವ ಕಡಿಮೆ ಇರುವ ಗ್ರಹದಲ್ಲಿ ಒಂದೇ ನೆಗೆತಕ್ಕೆ ಮೇಲೆ ಹತ್ತಬಹುದು. 'ಗಚ್ಚಿ' ಎರಡೇ ಅಕ್ಷರ, ಹೊರಗಿನ ಚಾವಣಿಗೆ ಮಾತ್ರ ಸಲ್ಲುತ್ತದೆ. ಕನ್ನಡದಲ್ಲಿ ಗಚ್ಚು, ಗಚ್ಚುಗಾರೆ ಇರುವುದರಿಂದ ಪೂರ್ತಿ ಹೊರಗಿನದು ಅಂತಲೂ ಅನ್ನಿಸುವುದಿಲ್ಲ. ಊರಿನ ಕಡೆಯವರಿಗೆ ಅರ್ಥವಾಗುತ್ತದೋ ಇಲ್ಲವೋ ತಿಳಿಸಿ.

ಕಾದಾಡುವವರ ಮೈ ಸುತ್ತ ಒಂದು ವಿದ್ಯುತ್ ಕಾಪು ಇರುತ್ತದೆ. ಲೇಸರ್ ಬಂದೂಕು ಅದನ್ನು ಬೇಗ ಕರಗಿಸುತ್ತದೆ. ಅದು ಹೋದ ಮೇಲೆ ಮೈಗೆ ನಾಟುವುದು ಗುಂಡಿನ ಬಂದೂಕು. ಪ್ಲಾಸ್ಮಾ ಎರಡಕ್ಕೂ ನಡೆಯುತ್ತದೆ. ಈ ಕಾಪಿಗೆ ಎಲ್ಲರೂ 'ಗುರಾಣಿ' ಅನ್ನುತ್ತಾರೆ. ಗುರಾಣಿ ಕೈಯಲ್ಲಿ ಹಿಡಿಯುವುದು, ಒಂದೇ ಕಡೆ ತಡೆಯುವುದು. ಇದಕ್ಕೆ ಕರ್ಣನ 'ಕವಚ'ವೇ ಸರಿ. 'ಕವಚ ಹೋಯ್ತು' ಅಂದರೆ ಬಂದೂಕು ಬದಲಾಯಿಸು ಅಂತ ಅರ್ಥ. ನೆಲಕ್ಕೆ ಎಸೆದು ಗುಮ್ಮಟದಂತೆ ಏಳುವ ಕಾಪು ಒಂದಿದೆ, ಗುರಾಣಿಯನ್ನು ಅದಕ್ಕೆ ಉಳಿಸಿಕೊಳ್ಳಬಹುದು.

ಇನ್ನು ವಾಹನಗಳು. ಚಕ್ರದ ಗಾಡಿಗಳು ಮುಖ್ಯವಾಗಿ ಎರಡು, ಸ್ಕ್ಯಾರಬ್ ಮತ್ತು ಸ್ಕಾರ್ಪಿಯನ್. ಎರಡನೆಯದು ಕಾಳಗಕ್ಕೆಂದೇ ಮಾಡಿದ್ದು, ಕ್ಷಿಪಣಿ ಹಾರಿಸುತ್ತದೆ. ಅದಕ್ಕೆ ನಾವು ಈಗಾಗಲೇ 'ಚೇಳು' ಅನ್ನುತ್ತಿದ್ದೇವೆ, ಯಾರ ತಕರಾರೂ ಇಲ್ಲ. ಎರಡಕ್ಕೂ ಸೇರಿ ಸಾಮಾನ್ಯ ಹೆಸರು ಯಾವುದು? 'ರೋವರ್' ಅನ್ನಬಹುದಿತ್ತು. 2023ರ ಆಗಸ್ಟಿನಲ್ಲಿ ಚಂದ್ರಯಾನ-3 ಇಳಿದ ಮೇಲೆ ಆ ಪದ ಹಳ್ಳಿ ಹಳ್ಳಿಗೂ ಮುಟ್ಟಿದೆ. ಆದರೆ ಜನರ ಮನಸ್ಸಿನಲ್ಲಿರುವುದು 26 ಕಿಲೋ ತೂಕದ, ಮೆಲ್ಲಗೆ ತೆವಳುವ ಪ್ರಗ್ಯಾನ್. ಮನುಷ್ಯ ಕೂತು ಓಡಿಸುವ, ಬಂದೂಕು ಹೊತ್ತ ಗಾಡಿಗೆ ಅದು ಹೊಂದುವುದಿಲ್ಲ. 'ಗಾಡಿ' ಅಂದರೆ ಮುಂಬೈಯಲ್ಲಿ ಲೋಕಲ್ ರೈಲೂ ಗಾಡಿ, ಸ್ಕೂಟರೂ ಗಾಡಿ. ನನಗೆ 'ಬಂಡಿ' ಇಷ್ಟ. ಕೈಪಿಡಿಯಲ್ಲಿ ಹೀಗೆ ಬರೆದಿದ್ದೇನೆ: 'ಬಂಡಿಯನ್ನು ಪಾಳ್ಯದ ಹೊರಗೇ ನಿಲ್ಲಿಸಿ. ಬಯಲಿನಲ್ಲಿ ಅದರ ಬಂದೂಕಿಗೆ ಕಾಲಾಳು ನಿಲ್ಲಲಾರ. ಓಣಿಯೊಳಗೆ ನುಗ್ಗಿದರೆ ತಿರುಗಲು ಜಾಗ ಇಲ್ಲ, ಗಚ್ಚಿಯ ಮೇಲಿಂದ ರಾಕೆಟ್ ಬಂದರೆ ಮುಗಿಯಿತು.' ಓದಲು ಹೇಗಿದೆ ಹೇಳಿ.

ನೌಕೆಯನ್ನು ಪಾಳ್ಯದ ಮೇಲೆ ತರುವುದೂ ಅಪಾಯ. ಕಾವಲಿನ ಕ್ಷಿಪಣಿಗಳು ಇರುವ ಕಡೆ ಅವು ಹೊಡೆಯುತ್ತವೆ. ದೂರದಲ್ಲಿ ಇಳಿದು, ನೌಕೆಯನ್ನು ಮೇಲಕ್ಕೆ ಹೋಗೆಂದು ಬಿಟ್ಟು, ಬೇಕಾದಾಗ ಮತ್ತೆ ಬರಮಾಡಿಕೊಳ್ಳುವುದು ರೂಢಿ. ಇದಕ್ಕೆ 'ಕಳಿಸು', 'ಕರೆಸು' ಸಾಕು. ಕೊಟ್ಟ ಕೆಲಸದ ಹೆಸರಲ್ಲಿ ಸೈನಿಕರನ್ನು ಕಾಳಗದ ನಡುವೆ ತಂದು ಇಳಿಸುವ ಬಾಡಿಗೆ ನೌಕೆಯೂ ಇದೆ, ಆಟದಲ್ಲಿ ಅದನ್ನು ನಡೆಸುವುದು ಫ್ರಂಟ್‌ಲೈನ್ ಸೊಲ್ಯೂಷನ್ಸ್ ಎಂಬ ಕಂಪನಿ. ಅದಕ್ಕೆ 'ಇಳಿನೌಕೆ' ಅಂತ ಕಟ್ಟಿದ್ದೇನೆ. ಅಷ್ಟು ತೃಪ್ತಿ ಇಲ್ಲ. ಇಳಿಯುವ ನೌಕೆಯೋ, ಇಳಿಸುವ ನೌಕೆಯೋ ತಿಳಿಯುವುದಿಲ್ಲ.

ಕೊನೆಯ ಪದಕ್ಕೆ ನನ್ನ ಹತ್ತಿರ ಏನೂ ಇಲ್ಲ. ಒಬ್ಬ ಓಣಿ ದಾಟುವಾಗ, ಎದುರಿನವರು ತಲೆ ಎತ್ತದಂತೆ ಇನ್ನೊಬ್ಬ ಸುಮ್ನೆ ಗುಂಡು ಹಾರಿಸುತ್ತಲೇ ಇರುತ್ತಾನೆ. ತಗಲಲಿ ಅಂತಲ್ಲ, ಅವರು ಅಡಗಿಯೇ ಇರಲಿ ಅಂತ. ಪತ್ರಿಕೆಯ 'ಗುಂಡಿನ ಮಳೆ' ಇದಲ್ಲ, ಅದರಲ್ಲಿ ಕೊಲ್ಲುವ ಉದ್ದೇಶ ಇದೆ. 'ತಲೆ ಎತ್ತಿಸಬೇಡ' ಅನ್ನಬಹುದು, ಆದರೆ ಕ್ರಿಯೆಗೆ ಹೆಸರು ಸಿಗುವುದಿಲ್ಲ. 'ಅದುಮು' ಆಗಬಹುದೇ? 'ನೀನು ಅದುಮು, ನಾನು ದಾಟುತ್ತೇನೆ'?

ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ ಇದೆ. ಕೊಡಗಿನ ಮನೆ ಮನೆಯಲ್ಲೂ ಸೈನ್ಯ ಕಂಡವರಿದ್ದಾರೆ. ಅಂಥವರು ಈ ಬಳಗದಲ್ಲಿದ್ದರೆ ಅಥವಾ ನಿಮ್ಮ ಮಾವ, ಚಿಕ್ಕಪ್ಪ ಯಾರಾದರೂ ಇದ್ದರೆ ಒಮ್ಮೆ ಕೇಳಿ. ಕನ್ನಡದ ಹುಡುಗರು ತಮ್ಮತಮ್ಮಲ್ಲಿ ಮಾತಾಡುವಾಗ ಇದಕ್ಕೆ ಏನು ಅನ್ನುತ್ತಿದ್ದರು? ಹಿಂದಿಯ ಆಜ್ಞೆ ಬೇಡ, ಅವರ ನಡುವೆ ಓಡಾಡಿದ ಪದ ಬೇಕು.