ಅಪ್‌ಡೇಟ್: ಟ್ಯಾಂಕಿನ ಹಸಿರು ನೀರು ತಿಳಿಯಾಯ್ತು

ಗಿಡ ಹಾಕಿರೋ ಅಕ್ವೇರಿಯಂ ನೀರು ಪೂರ್ತಿ ಹಸಿರಾಗಿದೆ, ಹಿಂದಿನ ಗಾಜಿಗೆ ಅಂಟಿಸಿದ ಥರ್ಮಾಮೀಟರ್ ಕೂಡ ಕಾಣಲ್ಲ, ನೀರು ಬದಲಾಯಿಸಿದರೂ ಮತ್ತೆ ಹಾಗೇ ಆಗುತ್ತೆ ಅಂತ ಕೇಳಿದ್ದೆ ಅಲ್ವಾ? ಈಗ ಸರಿಹೋಗಿದೆ.

ಹಸಿರಿಗೆ ಕಾರಣ ನೀರಲ್ಲಿ ಬೆಳೆದ ಪಾಚಿ. ಅದಕ್ಕೆ ಮೊದಲು ಬ್ಲ್ಯಾಕೌಟ್ ಮಾಡಿದೆ, ಅಂದ್ರೆ ಪಾಚಿಗೆ ಬೆಳಕು ಸಿಗದ ಹಾಗೆ ಟ್ಯಾಂಕನ್ನು ಕತ್ತಲಲ್ಲಿಟ್ಟೆ. ಲೈಟ್ ಆಫ್, ಸುತ್ತ ದಪ್ಪ ಕಂಬಳಿ. ಏರ್ ಪಂಪ್ ಮಾತ್ರ ಹಗಲೂ ರಾತ್ರಿ ಓಡುತ್ತಿತ್ತು, ಯಾಕಂದ್ರೆ ಕತ್ತಲಲ್ಲಿ ಗಿಡ, ಪಾಚಿ ಎರಡೂ ಆಮ್ಲಜನಕ ಬಳಸುತ್ತವೆ, ಕೊಡುವುದಿಲ್ಲ. ಕಂಬಳಿ ತೆಗೆದಾಗ ಹಸಿರು ಹೋಗಿ ನೀರು ಮಬ್ಬು ಬಿಳಿಯಾಗಿತ್ತು. ಸತ್ತ ಪಾಚಿ ಕೊಳೆತು ಮೀನಿಗೆ ವಿಷವಾದ ಅಮೋನಿಯಾ ಏರುತ್ತೆ ಅಂತ ನೀವು ಎಚ್ಚರಿಸಿದ್ದಿರಿ, ಹಾಗಾಗಿ ತಕ್ಷಣ ಅರ್ಧ ನೀರು ಬದಲಾಯಿಸಿದೆ. ಅನುಬಿಯಾಸ್, ಜಾವಾ ಫರ್ನ್ ಗಿಡಗಳು ಆರಾಮಾಗಿವೆ. ಉದ್ದ ಕಾಂಡದ ಗಿಡಗಳು ಸ್ವಲ್ಪ ಬಿಳಚಿಕೊಂಡಿವೆ, ತುದಿಯಲ್ಲಿ ಹೊಸ ಚಿಗುರು ಬರುತ್ತಿದೆ.

ಆದರೆ ಲೈಟ್ ಹಾಕಿದ ಮೇಲೆ ತೆಳು ಹಸಿರು ಮತ್ತೆ ಬಂತು. ಆಗ ಯುವಿ (ನೇರಳಾತೀತ ಬೆಳಕಿನ) ದೀಪ ಹಾಕಿದೆ. ಈ ಪಾಚಿ ಒಂದೇ ಕೋಶದ್ದು, ನೀರಲ್ಲೇ ತೇಲಾಡುತ್ತೆ, ಸ್ಪಂಜಿನ ರಂಧ್ರದಲ್ಲೂ ನುಸುಳಿಬಿಡುತ್ತೆ, ಅದಕ್ಕೇ ಸುಮ್ನೆ ಫಿಲ್ಟರ್ ತೊಳೆದರೆ ಏನೂ ಆಗಲ್ಲ. ಯುವಿ ದೀಪದ ಪಕ್ಕ ನೀರು ನಿಧಾನವಾಗಿ ಹರಿದರೆ ಸಾಯುತ್ತೆ. ಗಾಜಿಗೆ, ಎಲೆಗೆ ಅಂಟಿದ ಪಾಚಿಯನ್ನು ಮಾತ್ರ ಕೈಯಲ್ಲೇ ಉಜ್ಜಬೇಕು, ಅದಕ್ಕೆ ಯುವಿ ತಾಗಲ್ಲ.

ಡಾಫ್ನಿಯಾ (ನೀರಲ್ಲಿರೋ ಪುಟ್ಟ ಜೀವಿಗಳು) ಟ್ಯಾಂಕಿಗೆ ಬಿಡಿ ಅಂದವರಿಗೆ: ಅವು ಪಾಚಿ ತಿನ್ನುತ್ತವೆ ನಿಜ, ಅದಕ್ಕೂ ಮೊದಲೇ ನನ್ನ ಮೀನುಗಳು ಅವನ್ನು ತಿಂದು ಮುಗಿಸುತ್ತವೆ!

ಈಗ ಲೈಟ್ ಟೈಮರ್‌ನಲ್ಲಿ 6 ಗಂಟೆ, ಕಿಟಕಿಗೆ ಪರದೆ. ಗೊಬ್ಬರ ಪೂರ್ತಿ ನಿಲ್ಲಿಸಿಲ್ಲ. ಗಿಡ ಸೊರಗಿದರೆ ಪಾಚಿಗೇ ಲಾಭ ಅನ್ನೋದು ನನ್ನ ಅನಿಸಿಕೆ.